ಧಕ್ಕೆಯ ಮೇಲೆ ದೇವರ ಎತ್ತು

ಬೊಲ್ಲಯ್ಯ ತಾನಾಗಿಯೇ ಹೊರಟಿತ್ತು. ಯಾರೂ ಅದನ್ನು ಕದಿಯಲಿಲ್ಲ, ಯಾರೂ ಅಟ್ಟಲಿಲ್ಲ. ಆಮೇಲೆ ಮಂದಿ ಬಾಯಿಗೆ ಬಂದಂತೆ ಆಡಿಕೊಂಡರೂ ಇಷ್ಟು ಮಾತ್ರ ನಿಜ.

ದನ ಮೇಯುವ ದೊಡ್ಡಉಳ್ಳಾರ್ತಿ ಕಾವಲಿನ ಅಂಚಿಗಿದ್ದ ಆ ಹಟ್ಟಿಯಲ್ಲಿ ದೇವರಿಗೆ ಬಿಟ್ಟ ಎತ್ತುಗಳ ಹಿಂಡೊಂದಿತ್ತು. ಅವಕ್ಕೆ ನೊಗವಿಲ್ಲ, ಮೂಗುದಾರವಿಲ್ಲ, ಕೊರಳಿಗೆ ಹಗ್ಗವಿಲ್ಲ. ಅವುಗಳ ಮೇಲೆ ಕೋಲೆತ್ತುವಂತಿಲ್ಲ, ಅವು ಹಿಡಿದ ದಾರಿಗೆ ಅಡ್ಡ ನಿಲ್ಲುವಂತಿಲ್ಲ. ಆ ಹಿಂಡು ಕಾಯುವವನನ್ನು ಕಿಲಾರಿ ಎನ್ನುತ್ತಿದ್ದರು. ಕಿಲಾರಿ ಎತ್ತನ್ನು ಕರೆಯಬಹುದು, ಬೇಡಿಕೊಳ್ಳಬಹುದು, ಅದರ ಹಿಂದೆ ಹಿಂದೆ ನಡೆಯಬಹುದು. ಅದಕ್ಕಿಂತ ಹೆಚ್ಚಿನ ಅಧಿಕಾರ ಅವನಿಗಿಲ್ಲ. ಏಟು ತಿಂದ ಎತ್ತು ಮತ್ತೆ ದೇವರ ರೊಪ್ಪಕ್ಕೆ, ಆ ಮುಳ್ಳುಬೇಲಿಯ ದೊಡ್ಡಿಗೆ, ಸೇರದು. ಏಟು ಕೊಟ್ಟ ಕಿಲಾರಿ ಮತ್ತೆ ಹಿಂಡಿನ ಬಳಿ ಸುಳಿಯಲಾರ. ಇದು ಆ ಹಟ್ಟಿಯ ಕಟ್ಟು.

ಕಿಲಾರಿ ದೊಡ್ಡಪಾಲಯ್ಯ ಮದುವೆ ಮುಂದಕ್ಕೆ ಹಾಕುತ್ತಲೇ ನಡುವಯಸ್ಸಿಗೆ ಬಂದವನು. ಮನೆಯಲ್ಲಿ ಅವ್ವ ಸೂರಮ್ಮ, ಕಾವಲಿನಲ್ಲಿ ಹಿಂಡು, ಇವೆರಡೇ ಅವನ ಸಂಸಾರ. ಬೊಲ್ಲಯ್ಯ ಕರುವಾಗಿ ಬಿದ್ದಾಗ ತಾಯಿ ಎದ್ದು ನಿಲ್ಲಲಾರದೆ ಹೋಗಿ, ತನ್ನ ತಲೆಯ ರುಮಾಲಿನಿಂದಲೇ ಅದರ ಮೈ ಒರೆಸಿದವನು ಅವನು. ಮುಖದ ಮೇಲೆ ಬಿಳಿ ಬೊಟ್ಟು ಕಂಡು ಬೊಲ್ಲಯ್ಯ ಎಂದು ಕರೆದವನೂ ಅವನೇ. ಎದುರಿಗೆ ಮಾತಾಡುವಾಗ ಮಾತ್ರ ಹೆಸರು ಹಿಡಿಯುತ್ತಿರಲಿಲ್ಲ, ಅಯ್ಯ ಎನ್ನುತ್ತಿದ್ದ.

ಅದು ಜರ್ಮನಿಯವರ ಮೇಲೆ ಯುದ್ಧ ನಡೆಯುತ್ತಿದ್ದ ಕಾಲ. ಸಮುದ್ರದಾಚೆಯ ಮರಳುಗಾಡಿನಲ್ಲಿ ಫಿರಂಗಿ ಎಳೆಯಲು ಎತ್ತು ಬೇಕೆಂದು ಸರ್ಕಾರದವರು ಊರೂರಲ್ಲಿ ಕೊಳ್ಳುತ್ತಿದ್ದರು. ಚಳ್ಳಕೆರೆ ಸಂತೆಯ ದನದ ದಲ್ಲಾಳಿ ಹಾಲೇಶಪ್ಪ ಹಾಗೆ ಕೂಡಿಸಿದ ಹಿಂಡನ್ನು ರಾಯದುರ್ಗದ ರೈಲಿಗೆ ಹೊಡೆದುಕೊಂಡು ಒಂದು ಬೆಳಗ್ಗೆ ಕಾವಲಿನ ಮೇಲೆ ಹಾದ. ಹಿಂಡಿನ ಮುಂದೆ ಹತ್ತಿಕಾಳಿನ ಗಾಡಿ. ಗಾಡಿಯವನು ಆಗಾಗ ಒಂದೊಂದು ಬೊಗಸೆ ಚೆಲ್ಲುತ್ತಿದ್ದ. ಹತ್ತಿಕಾಳಿನ ವಾಸನೆ ಹಿಡಿದ ಎತ್ತು ಹೊಸ ಅಳಿಯ ಮಾವನ ಮನೆಗೆ ಹೋದಂತೆ ಹೋಗುತ್ತದೆ. ಕರೆಯಬೇಕಿಲ್ಲ, ಕಳಿಸುವುದೇ ಕಷ್ಟ. ಬೊಲ್ಲಯ್ಯ ತಲೆಯೆತ್ತಿತು, ಮೂಗು ಅರಳಿಸಿತು, ನಡೆದೇ ಬಿಟ್ಟಿತು.

ಪಾಲಯ್ಯ ತನ್ನ ಹಿಂಡನ್ನು ಜೊತೆಯ ಕಿಲಾರಿ ಬೊಮ್ಮಲಿಂಗಪ್ಪನ ವಶಕ್ಕೆ ಬಿಟ್ಟು ಹಿಂದೆ ಓಡಿದ.

"ಲೇ ಪಾಲಯ್ಯ, ನಿಮ್ಮ ದೇವ್ರು ನನ್ನ ಗಾಡಿ ಹಿಂದೆ ಬಿದ್ದೈತಲ್ಲೋ! ತಿರುಗ್ಸಿಕೊಂಡು ಹೋಗು" ಎಂದು ಹಾಲೇಶಪ್ಪ ಕೂಗಿದ.

"ತಿರುಗ್ಸಂಗಿಲ್ಲ ಕಣಣ್ಣ. ಅಯ್ಯನೇ ಮನಸ್ಸು ಮಾಡಿ ತಿರುಗ್ಬೇಕು."

"ಅಯ್ಯನ ಮನಸ್ಸು ಹತ್ತಿಕಾಳಿನ ಮ್ಯಾಲೈತೆ. ನಮ್ಮೋರಿಗೆ ಹೇಳಿ ಎರಡು ಬಿಗಿಸ್ಲಾ?"

"ಬಾರುಗೋಲು ತಾಗ್ಲಿ ನೋಡು. ನಿನ್ನ ಮನೇಲಿ ದೀಪ ಹಚ್ಚೋರು ಉಳಿಯಲ್ಲ."

ಹಾಲೇಶಪ್ಪ ಬೇರೆ ಸೀಮೆಯವನಾಗಿದ್ದರೆ ನಕ್ಕು ಬಿಡುತ್ತಿದ್ದ. ಅವನೂ ಅದೇ ಮಣ್ಣಿನವನು. ಬಾರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತನ್ನ ಆಳುಗಳಿಗೂ ಹೊಡೆಯಬೇಡಿ ಎಂದು ಕೈಸನ್ನೆ ಮಾಡಿದ. ಹೀಗೆ ಒಬ್ಬ ಭಕ್ತಿಯಿಂದ, ಇನ್ನೊಬ್ಬ ಭಯದಿಂದ, ಇಬ್ಬರೂ ಕೈ ಕಟ್ಟಿಕೊಂಡು ಒಂದು ಎತ್ತಿನ ಹಿಂದೆ ನಡೆದರು. ಮೊಳಕಾಲ್ಮೂರು ಬಂತು. ಇನ್ನೇನು ತಿರುಗುತ್ತದೆ ಎಂದುಕೊಂಡ ಪಾಲಯ್ಯ. ನೇಕಾರರ ಓಣಿ ಮುಗಿಯಿತು, ತೆಲುಗು ಮಾತಿನ ಊರುಗಳು ಶುರುವಾದವು. ಇಲ್ಲಿಗೆ ಸಾಕೆನ್ನಿಸುತ್ತದೆ ಅಯ್ಯನಿಗೆ ಎಂದುಕೊಂಡ. ಅಯ್ಯನಿಗೆ ಸಾಕೆನ್ನಿಸಲಿಲ್ಲ.

ರಾಯದುರ್ಗದ ಸ್ಟೇಷನ್ನಿನಲ್ಲಿ ಎತ್ತುಗಳನ್ನು ಹಲಗೆ ಇಳಿಜಾರಿನ ಮೇಲೆ ವ್ಯಾಗನ್ನಿಗೆ ಹತ್ತಿಸುತ್ತಿದ್ದರು. ವ್ಯಾಗನ್ನಿನ ನೆಲಕ್ಕೆ ಹತ್ತಿಕಾಳು ಸುರಿದಿದ್ದರು. ಊರ ಎತ್ತುಗಳು ಮೊಂಡುತನ ಮಾಡಿ ಒದೆ ತಿಂದು ಹತ್ತಿದರೆ, ಬೊಲ್ಲಯ್ಯ ಮದುವಣಿಗನಂತೆ ತಾನೇ ಹತ್ತಿತು. ರೈಲಿನವನು ಬಾಗಿಲು ಎಳೆದು ಕಬ್ಬಿಣದ ಅಗಳಿ ಜಡಿದ.

"ತೆಗಿಯಪ್ಪಾ! ಅದು ಮಾರಿದ ಎತ್ತಲ್ಲ, ದೇವರದು!" ಎಂದು ಪಾಲಯ್ಯ ವ್ಯಾಗನ್ನು ಬಡಿದ. ರೈಲಿನವನಿಗೆ ಯಾವ ದೇವರು? ಅವನು ಹಸಿರು ಬಾವುಟ ಬಿಚ್ಚುತ್ತಿದ್ದ.

"ಹತ್ತಲೇ ನಮ್ಮ ಡಬ್ಬಿಗೆ" ಎಂದು ಹಾಲೇಶಪ್ಪ ಅವನ ರಟ್ಟೆ ಹಿಡಿದೆಳೆದ. "ನಿನ್ನ ದೇವ್ರನ್ನ ನಾನೊಬ್ನೇ ಕರ್ಕೊಂಡು ಹೋಗಿ ಶಾಪ ಹೊರ್ಲಾ? ಮದರಾಸಲ್ಲಿ ಬಾಗ್ಲು ತೆಗೀತಾರೆ. ಇಳಿಸ್ಕೊಂಡು ಬರುವಂತೆ."

ಹಾಗೆ ಮಾತು ಕೊಟ್ಟವನು ಹಾಲೇಶಪ್ಪ. ಆದರೆ ಗುಂತಕಲ್ಲಿನಲ್ಲಿ ಸಣ್ಣ ರೈಲಿನಿಂದ ದೊಡ್ಡ ರೈಲಿಗೆ ಎತ್ತುಗಳನ್ನು ದಾಟಿಸುವಾಗ ಒಂದು ಹಳೆಯ ಎತ್ತು ಹಲಗೆಯಿಂದ ಜಾರಿ ಬಿದ್ದು, ಅಲ್ಲೇ ಕಣ್ಣು ಮೇಲೆ ಮಾಡಿತು. ಬೊಲ್ಲಯ್ಯ ಮಾತ್ರ ಹತ್ತಿಕಾಳಿನ ಬೆನ್ನು ಹತ್ತಿ ಅದೇ ಹಲಗೆಯನ್ನು ತಾನಾಗಿ ದಾಟಿ ಹೋಗಿತ್ತು. ಸರ್ಕಾರಕ್ಕೆ ಒಪ್ಪಿಸಬೇಕಾದ ಹಿಂಡಿನಲ್ಲಿ ಒಂದು ತಲೆ ಕಡಿಮೆಯಾಯಿತು. ಆಮೇಲೆ ಹಾಲೇಶಪ್ಪ ತಂಬಾಕು ತಿಕ್ಕುತ್ತ ಕೂತ. ಕೂತವನು ಒಮ್ಮೆ ಬೊಲ್ಲಯ್ಯನಿದ್ದ ವ್ಯಾಗನ್ನಿನ ಕಡೆ ನೋಡಿದ. ಆ ನೋಟ ಪಾಲಯ್ಯನ ಕಣ್ಣಿಗೂ ಬಿತ್ತು.

ಮದರಾಸಿನ ಬಂದರಿನಲ್ಲಿ ರೈಲು ಸಮುದ್ರದ ಮಗ್ಗುಲಿಗೇ ಹೋಗಿ ನಿಂತಿತು. ಪಾಲಯ್ಯ ಅಷ್ಟು ನೀರನ್ನು ಕಂಡವನಲ್ಲ. ಆದರೆ ನೋಡುತ್ತ ನಿಲ್ಲುವ ಮನಸ್ಸೆಲ್ಲಿ? ಬಾಗಿಲು ತೆಗೆದವರು ಎತ್ತುಗಳನ್ನು ಹುಯ್ ಎಂದು ಎದುರಿನ ಷೆಡ್ಡಿನೊಳಕ್ಕೆ ನುಗ್ಗಿಸಿದರು. ಹಿಂಡಿನ ಒತ್ತಿನಲ್ಲಿ ಬೊಲ್ಲಯ್ಯನೂ ಒಳಗೆ ಹೋಯಿತು.

ಅದು ಸರಕಿನ ಷೆಡ್ಡು. ಕಬ್ಬಿಣದ ಕಂಬ, ತಗಡಿನ ಮಾಡು. ಉದ್ದ ಎಷ್ಟೆಂದರೆ ಆ ತುದಿಯ ಮನುಷ್ಯ ಈ ತುದಿಗೆ ಕಡ್ಡಿಯಂತೆ ಕಾಣುತ್ತಿದ್ದ. ಒಂದು ಕಡೆ ಶೇಂಗಾ ಮೂಟೆ, ಅದರಾಚೆ ಅರಿಶಿನ, ಅದರಾಚೆ ಹದ ಮಾಡಿದ ಚರ್ಮದ ಕಟ್ಟುಗಳು. ನಡುವೆ ಬಿದಿರು ಕಟ್ಟಿ ಎತ್ತುಗಳಿಗೆ ಜಾಗ ಮಾಡಿದ್ದರು. ಷೆಡ್ಡಿಗೆ ಎರಡು ಮೋರೆ. ಒಂದು ಬಾಗಿಲು ಊರ ಕಡೆಗೆ. ಇನ್ನೊಂದು ಸಮುದ್ರದ ಅಂಚಿಗೆ ಕಲ್ಲಿನಲ್ಲಿ ಕಟ್ಟಿದ ಧಕ್ಕೆಯ ಕಡೆಗೆ. ಅಲ್ಲಿ ಹಡಗು ಗೋಡೆಯಂತೆ ನಿಂತಿತ್ತು. ಅದರ ಪಕ್ಕ ಎತ್ತುವ ಯಂತ್ರ, ಕೊಕ್ಕರೆಯ ಕತ್ತಿನಂತೆ ಬಾಗಿ, ತುದಿಗೆ ಗೋಣಿಯ ಅಗಲ ಪಟ್ಟಿ ಇಳಿಬಿಟ್ಟುಕೊಂಡಿತ್ತು. ಆ ಪಟ್ಟಿಯನ್ನು ಎತ್ತಿನ ಹೊಟ್ಟೆಯಡಿ ಸುತ್ತುತ್ತಿದ್ದರು. ಯಂತ್ರ ಗುರ್ರೆನ್ನುತ್ತಿತ್ತು. ಕಾಲು ನಾಲ್ಕೂ ಗಾಳಿಯಲ್ಲಿ ಬಡಿಯುತ್ತ ಎತ್ತು ಮೇಲೇರಿ ಹಡಗಿನ ಹೊಟ್ಟೆಯೊಳಗೆ ಮಾಯವಾಗುತ್ತಿತ್ತು.

ಬಿಳಿ ಟೋಪಿಯ ದೊರೆಯೊಬ್ಬ ಬೆತ್ತ ತೋರಿಸಿದ ಎತ್ತಿಗೆಲ್ಲ ಒಬ್ಬ ಆಳು ಸರ್ಕಾರದ ಗುರುತಿಗೆ ಡಾಂಬರು ಬಳಿಯುತ್ತ ಬಂದ. ಬೊಲ್ಲಯ್ಯನ ಬೆನ್ನ ಮೇಲೂ ಬಳಿದ.

"ಅಣ್ಣ, ಹೇಳು! ಇದು ನಿನ್ನ ಹಿಂಡಿಂದಲ್ಲ ಅಂತ ಹೇಳು!" ಎಂದು ಪಾಲಯ್ಯ ಹಾಲೇಶಪ್ಪನ ಅಂಗಿ ಜಗ್ಗಿದ.

"ಬ್ರಷ್ಷು ಕೋಲಲ್ಲ, ಹಗ್ಗಾನೂ ಅಲ್ಲ. ಮೈಲಿಗೆ ಆಗಿಲ್ಲ ಬಿಡು" ಎಂದ ಹಾಲೇಶಪ್ಪ, ಕಣ್ಣು ತಪ್ಪಿಸಿ.

"ಆಟ ಆಡಬ್ಯಾಡ. ಇಳಿಸ್ಕೊಡ್ತೀನಿ ಅಂದಿದ್ದೆ ನೀನು."

"ಅಂದಿದ್ದೆ ಕಣಪ್ಪ! ಒಂದು ತಲೆ ಕಡಿಮೆ ಬಿದ್ರೆ ದೊರೆ ನನ್ನ ಕಳ್ಳ ಅಂತಾನೆ. ಯುದ್ಧದ ಕಾಲ, ಒಳಗೆ ಹಾಕಿದ್ರೆ ಬಿಡ್ಸೋರು ಯಾರು?" ಆಮೇಲೆ ದನಿ ತಗ್ಗಿಸಿದ. "ಪಾಲಯ್ಯ, ನೀನೇ ನೋಡ್ದೆ. ನಾನು ಅಟ್ಲಿಲ್ಲ, ನೀನು ಬಿಡ್ಲಿಲ್ಲ. ಅದೇ ಬಂತು. ದೇವ್ರೇ ಸಮುದ್ರ ದಾಟ್ಬೇಕು ಅಂತ ಹೊರಟಾಗ ನಾವ್ಯಾರು ತಡಿಯಾಕೆ? ಹಟ್ಟೀಲಿ ಹಂಗೇ ಹೇಳು. ಒಬ್ರೂ ನಿನ್ನ ಕಡೆ ಬೆರಳು ತೋರ್ಸಲ್ಲ."

ಅದು ಸುಳ್ಳಲ್ಲ ಎನ್ನುವುದೇ ಪಾಲಯ್ಯನನ್ನು ಕೊರೆಯಿತು. ಕಟ್ಟಿನ ಪ್ರಕಾರ ನೋಡಿದರೆ ಯಾರ ತಪ್ಪೂ ಇಲ್ಲ. ಬರಿಗೈಲಿ ಹಿಂದಿರುಗಿದರೂ ಅವನು ಕಿಲಾರಿಯೇ.

ಅವನು ಊರ ಕಡೆಯ ಬಾಗಿಲಿಗೆ ಓಡಿದ. ಅಲ್ಲಿ ಕಾವಲಿಗೆ ಕೂತಿದ್ದವನು ಅಪ್ಪಲಸಾಮಿ ಎಂಬ ಮುದುಕ. ಬಿಸಿಲಿಗೆ ಸುಟ್ಟು ಕರಿಕಾದ ಮೈ, ಹುಟ್ಟು ಹಾಕಿ ಹಾಕಿ ಗಟ್ಟಿಯಾದ ತೋಳು. ಅವನು ಯಾರಿಗೋ ತೆಲುಗಿನಲ್ಲಿ ಬೈಯುತ್ತಿದ್ದುದನ್ನು ಕೇಳಿ ಪಾಲಯ್ಯನಿಗೆ ಹೋದ ಜೀವ ಬಂದಂತಾಯಿತು. ಮೊಳಕಾಲ್ಮೂರು ಕಡೆಯ ಮಂದಿಗೆ ತೆಲುಗು ನೆರೆಮನೆಯ ಮಾತು. ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದ.

"ಏಮಯ್ಯಾ, ಅಷ್ಟು ದೂರದಿಂದ ಒಂದು ಎತ್ತನ್ನ ಹಿಂಬಾಲಿಸಿಕೊಂಡು ಬಂದೆಯಾ? ಹೆಂಡತಿ ಓಡಿಹೋದರೂ ಇಷ್ಟು ದೂರ ಯಾರೂ ಬರೋದಿಲ್ಲ" ಎಂದು ಮುದುಕ ನಕ್ಕ. ಪಾಲಯ್ಯನ ಮುಖ ನೋಡಿ ನಗು ನುಂಗಿಕೊಂಡ.

"ನೀನು ಆಗಿನ ಕಾಲದಲ್ಲಿ ಬರಬೇಕಿತ್ತು. ಈ ಷೆಡ್ಡು ನಿಂತಿರೋ ಜಾಗದಲ್ಲಿ ಬರೀ ಮರಳಿತ್ತು, ನಮ್ಮಪ್ಪ ದೋಣಿ ಒಣಗಿಸ್ತಿದ್ದ. ಹಡಗು ಎಲ್ಲೋ ದೂರದಲ್ಲಿ ನಿಲ್ಲೋದು. ಮೂಟೆ, ಮನುಷ್ಯರು, ದೊರೆಸಾನಿಯರು, ಎಲ್ಲಾ ನಮ್ಮ ದೋಣಿಲೇ ಅಲೆ ದಾಟಬೇಕು. ಒಂದು ಮೊಳೆ ಇಲ್ಲದ ದೋಣಿ, ತೆಂಗಿನ ನಾರಲ್ಲಿ ಹೊಲಿದದ್ದು. ದನ ಸಾಗಿಸೋದಾದರೆ ದೋಣಿ ಪಕ್ಕದಲ್ಲಿ ಈಜಿಸ್ತಿದ್ವಿ. ಮನಸ್ಸಿಲ್ಲದ ಎತ್ತು ನಡುನೀರಲ್ಲಿ ತಿರುಗಿ ದಡಕ್ಕೆ ಬಂದುಬಿಡೋದು. ಹೋಗಲಿ ಬಿಡು ಅಂತ ದೊರೆಗಳೇ ಬಿಡ್ತಿದ್ರು."

"ತಿರುಗಿ ಬರ್ತಿದ್ವಾ?"

"ಬರ್ತಿದ್ವು. ಆಮೇಲೆ ಕಬ್ಬಿಣದ ಕಾಲಿನ ಸೇತುವೆ ಹಾಕಿದರು. ಕಲ್ಲಿನ ಗೋಡೆ ಎಬ್ಬಿಸಿದರು. ನಾನು ಮೀಸೆ ಬರೋ ವಯಸ್ಸಲ್ಲಿದ್ದಾಗ ಬಿರುಗಾಳಿ ಬಂದು ಆ ಗೋಡೆನೆಲ್ಲ ಕಡಲೆಪುರಿ ಮಾಡಿತು. ನಮ್ಮೋರು ಸಮುದ್ರಮ್ಮನಿಗೆ ಕೋಳಿ ಕೊಯ್ದು ಕುಣಿದರು. ಏನು ಬಂತು? ಮತ್ತೆ ಕಟ್ಟಿದರು. ಈಗ ಹಡಗೇ ಷೆಡ್ಡಿನ ಬಾಗಿಲಿಗೆ ಬರುತ್ತೆ. ದೋಣಿ ಸೌದೆ ಆಯಿತು, ನಾನು ಬಾಗಿಲು ಕಾಯ್ತೀನಿ." ಅವನು ಯಂತ್ರದ ಕಡೆ ಗದ್ದ ತೋರಿಸಿದ. "ಅದು ಎತ್ತಿನ ಮನಸ್ಸು ಕೇಳೋದಿಲ್ಲ ನಾಯನಾ. ಇಲ್ಲಿ ಎತ್ತಿದರೆ ಅಲ್ಲೇ ಇಳಿಸೋದು."

ಪಾಲಯ್ಯ ಅವನ ಕಾಲು ಮುಟ್ಟಲು ಬಗ್ಗಿದ. ಮುದುಕ ಹಿಂದೆ ಸರಿದ.

"ನನ್ನ ಕಾಲಲ್ಲೇನಿದೆ? ಈ ಬಾಗಿಲು ನನ್ನದು. ನಿನ್ನ ಎತ್ತು ಇಲ್ಲಿವರೆಗೆ ಬಂದರೆ ನನಗೆ ಕಣ್ಣು ಕಾಣೋದಿಲ್ಲ. ಒಳಗೆ ಬಂದು ಎಳೆದು ತರೋಕೆ ಮಾತ್ರ ನನ್ನಿಂದಾಗದು. ಹೋಗು. ಸರದಿ ಹತ್ತಿರ ಬಂದಿರಬೇಕು."

ಸರದಿ ಹತ್ತಿರ ಬಂದೇ ಬಿಟ್ಟಿತ್ತು. ಬಿದಿರಿನ ಒಳಗೆ ಉಳಿದ ಎತ್ತುಗಳು ಕೆಲವೇ. ಧಕ್ಕೆಯ ಕಡೆಯ ಬಾಗಿಲ ಬಳಿ ಹತ್ತಿಕಾಳಿನ ರಾಶಿ ಹಾಕಿದ್ದರು. ಬೊಲ್ಲಯ್ಯ ಎಲ್ಲರಿಗಿಂತ ಮುಂದೆ ನಿಂತು ಅದರಲ್ಲಿ ಮೋರೆ ಹುದುಗಿಸಿತ್ತು. ಪಾಲಯ್ಯ ಹತ್ತಿರ ಹೋಗಿ, ಕಾವಲಿನಲ್ಲಿ ಸಂಜೆ ಹಿಂಡು ಕರೆಯುವ ರಾಗದಲ್ಲಿ ಕರೆದ. "ಹೋಯ್ ಅಯ್ಯಾ... ಹೋಯ್ ಬಾರಯ್ಯಾ..."

ಯಂತ್ರ ಗುರ್ರೆಂದಿತು. ಸರಪಳಿ ಕಲ್ಲಿನ ಮೇಲೆ ಬಿದ್ದು ಖಣಲೆಂದಿತು. ಕಾವಲಿನ ಬಯಲಿನಲ್ಲಿ ಹರದಾರಿ ದೂರ ಹೋಗುತ್ತಿದ್ದ ದನಿ ಆ ತಗಡಿನ ಕೆಳಗೆ ಮಾರುದೂರವೂ ಹೋಗಲಿಲ್ಲ. ಪಾಲಯ್ಯ ಇನ್ನೂ ಹತ್ತಿರ ಹೋಗಿ ಅದರ ಕಿವಿಯ ಬಳಿಯೇ ಕರೆದ. ಈ ಸಲ ಬೊಲ್ಲಯ್ಯ ತಲೆಯೆತ್ತಿತು. ಅವನನ್ನು ನೋಡಿತು. ಗುರುತಿನ ಕಣ್ಣೇ. ಮೂತಿಗೆ ಹತ್ತಿಕಾಳು ಮೆತ್ತಿಕೊಂಡಿತ್ತು. ಒಮ್ಮೆ ಕಿವಿ ಬಡಿದು ಮತ್ತೆ ರಾಶಿಗೆ ಬಾಯಿ ಹಾಕಿತು.

"ಅಯ್ಯಾ, ಕೈ ಮುಗೀತೀನಿ. ಅದು ಹಡಗು ಕಣಪ್ಪಾ. ಹೋದ್ರೆ ಬರಂಗಿಲ್ಲ."

ಮುಂದಿನ ಎತ್ತು ಮೇಲೇರಿತು. ಗಾಳಿಯಲ್ಲಿ ಅದರ ಸಗಣಿ ಕಳಚಿ ಧಕ್ಕೆಯ ಕಲ್ಲಿನ ಮೇಲೆ ಥಪ್ಪನೆ ಬಿತ್ತು. ಕೆಲಸದವರು ನಕ್ಕರು. ಪಟ್ಟಿ ಖಾಲಿಯಾಗಿ ಕೆಳಗಿಳಿಯತೊಡಗಿತು. ಇಬ್ಬರು ಬೊಲ್ಲಯ್ಯನ ಕಡೆ ಬಂದರು. ಒಬ್ಬ ಅದರ ಕೊರಳಿಗೆ ಕೈ ಹಾಕಲು ಹೋಗಿ, ಹಗ್ಗವಿಲ್ಲದ್ದು ಕಂಡು, ಮೂಗಿಗೆ ಹೋಗಿ, ಅಲ್ಲೂ ದಾರವಿಲ್ಲದ್ದು ಕಂಡು ಬೆಪ್ಪಾದ. ಇನ್ನೊಬ್ಬನಿಗೆ ಹಗ್ಗ ತಾ ಎಂದು ಕೂಗಿದ. ಅವನು ತರಲು ತಿರುಗಿದ.

ಆ ಒಂದು ಗಳಿಗೆ ಮಾತ್ರ ಪಾಲಯ್ಯನ ಪಾಲಿಗೆ ಉಳಿದಿತ್ತು.

ಹಾಲೇಶಪ್ಪ ಕಂಬದ ಬಳಿಯಿಂದ ಕೈ ಆಡಿಸಿದ. ಬಿಡು, ಬಿಟ್ಟುಬಿಡು ಎನ್ನುವಂತೆ. ಬಿಟ್ಟರೆ ಹಟ್ಟಿಯಲ್ಲಿ ಅವನು ನಿಯಮ ಕಾದ ಕಿಲಾರಿ. ಕಾಲಿನ ಬಳಿ, ಚರ್ಮದ ಕಟ್ಟುಗಳ ಅಡಿಗೆ ಹಾಕಿದ್ದ ಮರದ ಪಟ್ಟಿಯೊಂದು ಬಿದ್ದಿತ್ತು. ಪಾಲಯ್ಯ ಅದನ್ನು ಕಂಡ. ಕಂಡೆನೆಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಅದು ಕೈಯಲ್ಲಿತ್ತು.

ಮೊದಲ ಏಟು ಸರಿಯಾಗಿ ಬೀಳಲೇ ಇಲ್ಲ. ಕೈಗೆ ಹೊಡೆದು ಗೊತ್ತಿರಲಿಲ್ಲ. ಬೊಲ್ಲಯ್ಯ ತಿರುಗಿ ನೋಡಿತು. ನೊಣ ಕೂತರೆ ನಡುಗಿಸುವಂತೆ ಬೆನ್ನ ಚರ್ಮ ನಡುಗಿಸಿತು. ಎರಡನೆಯದನ್ನು ಮೂತಿಯ ಮೇಲೆ ಕೊಟ್ಟ. ಎತ್ತು ಅರಚಿತು. ಅಂಥ ದನಿಯನ್ನು ಅವನು ಅದರ ಬಾಯಲ್ಲಿ ಕೇಳಿರಲಿಲ್ಲ.

"ನಡೀ! ನಡೀತೀಯೋ ಇಲ್ವೋ! ಹತ್ತಿಕಾಳಿಗೆ ಹುಟ್ಟಿದ್ದೇ! ನಡೀ!"

ಬಾಯಿಗೆ ಬಂದದ್ದೆಲ್ಲ ಬೈದ. ಅಡ್ಡ ನಿಂತ, ಎದೆ ಕೊಟ್ಟು ತಳ್ಳಿದ, ಕೋಡು ಹಿಡಿದು ಕತ್ತು ತಿರುಗಿಸಿದ. ಹಟ್ಟಿಯ ಕಟ್ಟಿನಲ್ಲಿ ಏನೇನು ಬೇಡವೆಂದಿತ್ತೋ ಅದನ್ನೆಲ್ಲ ಒಂದೇ ಉಸಿರಿನಲ್ಲಿ ಮಾಡಿದ. ಬಿದಿರು ಮುರಿಯಿತು. ಬೊಲ್ಲಯ್ಯ ಊರ ಕಡೆಯ ಬಾಗಿಲಿಗೆ ದೌಡಾಯಿಸಿತು. ಹಿಂದೆ ಮರದ ಪಟ್ಟಿ ಎತ್ತಿಕೊಂಡು ಪಾಲಯ್ಯ. ಶೇಂಗಾ ಮೂಟೆ ಹೊತ್ತವರು ಚೆಲ್ಲಾಪಿಲ್ಲಿಯಾದರು.

ದೊರೆ ಏನೋ ಕಿರುಚಿದ. ಹಿಡಿಯಬೇಕಾದವನು ಹಾಲೇಶಪ್ಪ, ದಾರಿಯಲ್ಲೇ ನಿಂತಿದ್ದ. ಅವನು ಎರಡೂ ಕೆನ್ನೆ ಬಡಿದುಕೊಳ್ಳುತ್ತ, "ಹೊಡದ್ನಲ್ಲಪ್ಪೋ! ದೇವರೆತ್ತಿಗೆ ಹೊಡದ್ನಲ್ಲಪ್ಪೋ!" ಎನ್ನುತ್ತ ಗೋಡೆಗೆ ಒರಗಿ ದಾರಿ ಬಿಟ್ಟುಬಿಟ್ಟ.

ಎತ್ತು, ಪಾಲಯ್ಯ ಇಬ್ಬರೂ ಹೊರಬಿದ್ದ ಮೇಲೆ ಅಪ್ಪಲಸಾಮಿ ಬಾಗಿಲು ಎಳೆದುಕೊಂಡ. ಒಳಗಿನಿಂದ ಹಾಲೇಶಪ್ಪನ ದನಿ ಕೇಳಿಸುತ್ತಿತ್ತು. "ಗುಂತಕಲ್, ಸಾಬ್! ಅಲ್ಲಿ ಒಂದು ಬಿತ್ತು, ಸಾಬ್! ಸತ್ತೋಯ್ತು! ಇದು ನಮ್ದಲ್ಲ!" ಕೊನೆಗೂ ನಿಜ ಅವನ ಬಾಯಿಂದ ಬಿದ್ದಿತ್ತು.

"ಬಂದರಿನ ಹೊರಬಾಗಿಲಲ್ಲಿ ಹಗ್ಗ ಇಲ್ಲದ ಎತ್ತನ್ನ ಬಿಡೋದಿಲ್ಲ" ಎಂದು ಅಪ್ಪಲಸಾಮಿ ತನ್ನ ಗೂಡಿನಿಂದ ತೆಂಗಿನ ನಾರಿನ ಹಗ್ಗವೊಂದನ್ನು ತಂದ. "ಕಟ್ಟು. ಶೇಂಗಾ ಗಾಡಿಗಳ ಜೊತೆ ಸೇರಿಕೊಂಡು ಹೋಗು."

ಪಾಲಯ್ಯ ಹಗ್ಗ ನೋಡಿದ. ಏಟು ಕೊಟ್ಟ ಮೇಲೆ ಹಗ್ಗಕ್ಕೇನು ಎಂದುಕೊಂಡ. ಕಟ್ಟಲು ಕೈ ಎತ್ತಿದ ಕೂಡಲೇ ಬೊಲ್ಲಯ್ಯ ಕಣ್ಣು ಬಿಗಿದು ಮುಚ್ಚಿ ತಲೆ ಹಿಂದಕ್ಕೆಳೆದುಕೊಂಡಿತು. ಹೊಡೆಯುತ್ತಾನೆ ಎಂದು. ಮುದುಕನೇ ಕಟ್ಟಿಕೊಡಬೇಕಾಯಿತು.

ಊರಿನ ದಾರಿ ಕೇಳುತ್ತ ಕೇಳುತ್ತ ನಡೆದೇ ಹಿಂದಿರುಗಿದರು. ತೆಲುಗು ಸೀಮೆಯ ರೈತರು ದಾರಿಯಲ್ಲಿ ಅಂಬಲಿ ಕೊಟ್ಟರು, ಎತ್ತಿಗೆ ಸೊಪ್ಪೆ ಹಾಕಿದರು. ಬೊಲ್ಲಯ್ಯ ಸುಮ್ಮನೆ ನಡೆಯುತ್ತಿತ್ತು. ಮೊದಲು ಅದು ಮುಂದೆ, ಅವನು ಹಿಂದೆ. ಈಗ ಅವನು ಹಿಂದೆ ಬಂದರೆ ಅದು ಓಡುತ್ತಿತ್ತು. ಹಾಗಾಗಿ ಹಗ್ಗ ಹಿಡಿದು ಅವನೇ ಮುಂದೆ ನಡೆದ. ಬೆವರೊರೆಸಲು ಕೈಯೆತ್ತುವುದನ್ನೂ ಬಿಟ್ಟ.

ಕಾವಲು ಕಾಣಿಸಿದ ದಿನ ಹಟ್ಟಿಯವರು ದೂರದಿಂದಲೇ ಗುರುತು ಹಿಡಿದರು. ಬೊಲ್ಲಯ್ಯ ಬಂತೆಂದು ಕೂಗಾಯಿತು. ಸೂರಮ್ಮ ತುಂಬಿದ ಕೊಡ ಹಿಡಿದು ಎದುರಿಗೆ ಬಂದಳು. ದೇವರ ಎತ್ತು ದೂರ ಹೋಗಿ ಬಂದರೆ ಕಾಲಿಗೆ ನೀರು ಹಾಕಿ ಕರೆದುಕೊಳ್ಳಬೇಕು. ಹಿಂದೆ ಬೊಮ್ಮಲಿಂಗಪ್ಪ, ಹಟ್ಟಿಯ ಹಿರಿಯರು. ಆಮೇಲೆ ಎಲ್ಲರ ಕಣ್ಣೂ ಕೊರಳಿನ ಹಗ್ಗದ ಮೇಲೆ ಬಿತ್ತು. ಕೂಗು ನಿಂತಿತು.

"ಅವ್ವಾ, ತಡಿ. ನೀರು ಹಾಕಬ್ಯಾಡ" ಎಂದ ಪಾಲಯ್ಯ.

"ಯಾರು ಕಟ್ಟಿದ್ರಪ್ಪಾ ಇದನ್ನ?" ಎಂದು ಬೊಮ್ಮಲಿಂಗಪ್ಪ ಕೇಳಿದ. ರೈಲಿನವರು ಎಂದು ಹೇಳು, ಬೇರೆ ಯಾರನ್ನಾದರೂ ಹೇಳು ಎಂಬ ಬೇಡಿಕೆ ಅವನ ದನಿಯಲ್ಲಿತ್ತು.

"ಹಗ್ಗದ ಮಾತು ಬಿಡು. ನಾನು ಹೊಡ್ದೆ. ಮೂತಿ ಮ್ಯಾಲೆ ಹೊಡ್ದೆ. ಹಡಗಿಗೆ ಎತ್ತಾಕೆ ಬಂದಿದ್ರು. ಕರೆದ್ರೆ ಬರ್ಲಿಲ್ಲ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೊಮ್ಮಲಿಂಗಪ್ಪ ದೇವರ ರೊಪ್ಪದ ಕಡೆ ಹೋಗಿ ಅದರ ಮುಳ್ಳಿನ ಬಾಗಿಲನ್ನು ಎಳೆದು ಮುಚ್ಚಿ, ಮರೆಗೆ ನಿಂತು ಕಣ್ಣೊರೆಸಿಕೊಂಡ.

ಸೂರಮ್ಮ ಮಾತ್ರ ಕೊಡ ಇಳಿಸದೆ ನಿಂತಿದ್ದಳು. "ಜೋರಾಗಿ ಹೊಡ್ದೆಯೇನೋ?"

"ಜೋರಾಗೇ ಹೊಡ್ದೆ ಅವ್ವ."

"ಹಂ." ಅವಳು ಎತ್ತಿನ ಮೂತಿಯನ್ನು ದಿಟ್ಟಿಸಿದಳು. "ರೊಪ್ಪಕ್ಕೆ ಸೇರಿಸ್ಕೊಳ್ಳೋದು ಬಿಡೋದು ದೊಡ್ಡೋರಿಗೆ ಬಿಟ್ಟಿದ್ದು. ಅಷ್ಟು ದೂರ ನಡೆದು ಬಂದ ಕಾಲಿಗೆ ನೀರು ಹಾಕಾಕೆ ನನಗ್ಯಾರ ಅಪ್ಪಣೆನೂ ಬ್ಯಾಡ."

ನೀರು ಹಾಕಲು ಮುಂದೆ ಬಂದಳು. ಬೊಲ್ಲಯ್ಯ ಹಿಂದಕ್ಕೆ ಜಗ್ಗಿತು. ಅದರ ಕಣ್ಣು ಅವಳ ಮೇಲಿರಲಿಲ್ಲ, ಪಾಲಯ್ಯನ ಕೈಯ ಮೇಲಿತ್ತು.

"ನೀನು ಆಕಡೆ ಹೋಗು" ಎಂದಳು ಸೂರಮ್ಮ, ಮೆಲ್ಲಗೆ. "ನಿನ್ನ ಕಂಡ್ರೆ ಬರಲ್ಲ ಅದು. ಮನೆ ಹಿಂದಕ್ಕೆ ಹೋಗಿ ಕೂತ್ಕೋ."

ಪಾಲಯ್ಯ ಹಗ್ಗವನ್ನು ಅವಳ ಕೈಗಿತ್ತು ಮನೆಯ ಹಿಂದಕ್ಕೆ ಹೋದ. ಮಣ್ಣುಗೋಡೆಗೆ ಬೆನ್ನು ಕೊಟ್ಟು ಕೂತ. ಗೋಡೆಯಾಚೆ ಅವ್ವ ಏನೋ ಗುನುಗುತ್ತಿದ್ದಳು. ನೀರು ಸುರಿದ ಸದ್ದಾಯಿತು. ಆಮೇಲೆ ಕೊಡದೊಳಗೆ ಮೂತಿ ಇಟ್ಟು ಬೊಲ್ಲಯ್ಯ ಸೊರ್ರನೆ ನೀರು ಹೀರತೊಡಗಿತು.